ಪಕ್ಕದ ಮನೆ ಕೋಳಿಯಿಂದ ಹಕ್ಕಿಜ್ವರ ಬರುತ್ತಾ?

ಕಾಸರಗೋಡಿನ ನಮ್ಮ ವಾಟ್ಸಾಪ್ ಗ್ರೂಪಿಗೆ ಮತ್ತೆ ಅದೇ ಮೆಸೇಜ್: "ಪೇಟೆಯಲ್ಲಿ ಕೋಳಿ ಸಾಕಿದರೆ ಅಕ್ಕಪಕ್ಕದವರಿಗೆಲ್ಲ ಹಕ್ಕಿಜ್ವರ, ಮೊಟ್ಟೆ ತಿನ್ನಲೇಬೇಡಿ." ಸುಮ್ನೆ ಹೆದರಿಸುವ ಮಾತು. ಮನುಷ್ಯರಿಗೆ ಈ ಜ್ವರ ಬರುವುದೇ ಅಪರೂಪ, ಬಂದರೂ ಹೆಚ್ಚಾಗಿ ಸೋಂಕು ತಗಲಿದ ಹಕ್ಕಿಯನ್ನೋ ಅದರ ಹಿಕ್ಕೆಯನ್ನೋ ಹತ್ತಿರದಿಂದ ಮುಟ್ಟಿ ಕೆಲಸ ಮಾಡಿದವರಿಗೆ. 70 ಡಿಗ್ರಿ ಬಿಸಿಯಲ್ಲಿ ಪೂರ್ತಿ ಬೆಂದ ಮೊಟ್ಟೆ, ಮಾಂಸದಲ್ಲಿ ವೈರಸ್ ಉಳಿಯುವುದಿಲ್ಲ. 2014ರಲ್ಲೂ 2021ರಲ್ಲೂ ಕೇರಳದ ಆಲಪ್ಪುಳದಲ್ಲಿ ಬಾತುಕೋಳಿಗಳನ್ನು ಕೊಂದದ್ದು ನಿಜ, ಆದರೆ ಅದು ಅಲ್ಲಿ ಹಕ್ಕಿಗಳಲ್ಲಿ ಸೋಂಕು ಪತ್ತೆಯಾದ ಮೇಲೆ.

ಹಾಗಂತ ದೂರು ಕೊಡುವವರದ್ದೆಲ್ಲ ತಪ್ಪು ಅಂತಲ್ಲ. ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಅಡಿಕೆ ಸಲಾಕೆಯ ಗೂಡಿನಡಿ ಹಿಕ್ಕೆ ಕೊಳೆತು ನೊಣ ಮುತ್ತುತ್ತದೆ, ಜಗಳ ಶುರುವಾಗುವುದೇ ಅಲ್ಲಿಂದ ಅಲ್ವಾ? ಚೆನ್ನಾಗಿ ಕಾಣುವ ಕೋಳಿಯಲ್ಲೂ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ಗೂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ ಮಾತ್ರ ಮುಟ್ಟದೆ ಮೃಗಾಸ್ಪತ್ರೆಗೆ ತಿಳಿಸಿ.