ಕಾಬೂಲಿನವನು ಅಂದ ತಕ್ಷಣ ರಬಾಬ್ ಕೇಳಬೇಡಿ

ಫರ್ಹೋಟ್ ಅಂತ ಒಬ್ಬ ಮ್ಯೂಸಿಕ್ ಪ್ರೊಡ್ಯೂಸರ್ ಇದ್ದಾನೆ. ಪೂರ್ತಿ ಹೆಸರು ಫರ್ಹಾದ್ ಸಮದ್‌ಜಾದಾ. ಹುಟ್ಟಿದ್ದು ಕಾಬೂಲಿನಲ್ಲಿ, ಬೆಳೆದದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಈತನ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಯುದ್ಧ, ವಲಸೆ, ಬೇರು ಅಂತಲೇ ಶುರುವಾಗುತ್ತವೆ. ಡ್ರಮ್ಸ್ ಹೇಗೆ ಕೂತಿದೆ, ಬೇಸ್ ಎಲ್ಲಿ ಬಂದು ಹೊಡೆಯುತ್ತದೆ ಅನ್ನೋ ಮಾತಿಗೆ ಜಾಗವೇ ಉಳಿದಿರುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಮನುಷ್ಯ ಇಪ್ಪತ್ತು ವರ್ಷದಿಂದ ಬೀಟ್ ಕಟ್ಟುತ್ತಿದ್ದಾನೆ, ನಾವು ಇನ್ನೂ ಅವನ ಪಾಸ್‌ಪೋರ್ಟ್ ಓದುತ್ತಾ ಕೂತಿದ್ದೇವೆ.

ಇಲ್ಲಿ ಪ್ರೊಡ್ಯೂಸರ್ ಅಂದರೆ ನಮ್ಮ ಸಿನಿಮಾದವರ ಹಾಗೆ ದುಡ್ಡು ಹಾಕುವವರಲ್ಲ. ಹಾಡಿನ ಮೈ ಕಟ್ಟುವವರು. ತಾಳ, ಬೇಸ್, ಕೀಬೋರ್ಡ್, ಹಳೇ ರೆಕಾರ್ಡಿನಿಂದ ಕತ್ತರಿಸಿದ ತುಣುಕು, ಎಲ್ಲವನ್ನೂ ಜೋಡಿಸಿ ಹಾಡುಗಾರರ ಕೈಗೆ ಕೊಡುವವರು. ಹೆಸರು ಹಾಡಿದವರದ್ದು, ಕೆಲಸ ಇವರದ್ದು.

ಫರ್ಹೋಟ್ ಅಂಥ ಕೆಲಸವನ್ನು ವರ್ಷಗಟ್ಟಲೆ ಮಾಡಿದ. ನೇಕಾ ಅನ್ನೋ ಗಾಯಕಿ ಗೊತ್ತಿರಬಹುದು. ನೈಜೀರಿಯಾದ ವಾರಿಯಿಂದ ಹ್ಯಾಂಬರ್ಗಿಗೆ ಬಂದು, ಓದುತ್ತಾ ಹಾಡುತ್ತಾ ಬೆಳೆದವಳು. 2005ರ ಮೊದಲ ಆಲ್ಬಮ್‌ನಿಂದಲೂ ಇವಳ ಹಾಡುಗಳ ಹಿಂದೆ ಇದ್ದವನು ಈತ. ಇಬ್ಬರೂ ಸೇರಿ ಮಾಡಿದ ‘ಹಾರ್ಟ್‌ಬೀಟ್’ ಕೇಳಿ. ಗಡಿಬಿಡಿಯಲ್ಲಿ ಓಡುವ ಡ್ರಮ್ಸ್, ಅದರ ಮೇಲೆ ಸಿಟ್ಟು ಅಳು ಎರಡೂ ಬೆರೆತ ದನಿ. ವಾದ್ಯಗಳು ಅವಳ ದಾರಿಗೆ ಅಡ್ಡ ಬರುವುದಿಲ್ಲ, ಆದರೆ ನಿಲ್ಲೋಕೂ ಬಿಡುವುದಿಲ್ಲ. ಅದರಲ್ಲಿ ಅಫ್ಘಾನಿಸ್ತಾನ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ಸಿಗಬೇಕು ಅಂತ ಏನಿದೆ?

ಆಮೇಲೆ ಆದದ್ದು ಇನ್ನೂ ಮಜಾ. 2012ರಲ್ಲಿ ಬ್ರಿಟನ್ನಿನ ಗಾಯಕಿ ರೀಟಾ ಓರಾಳ ‘ಆರ್‌.ಐ.ಪಿ.’ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಹೋಯಿತು. ಆ ಹಾಡು ನಿಂತಿರುವುದೇ ‘ಹಾರ್ಟ್‌ಬೀಟ್’ನಿಂದ ಎತ್ತಿಕೊಂಡ ತುಣುಕಿನ ಮೇಲೆ. ಕ್ಲಬ್ಬಿನಲ್ಲಿ ಕುಣಿದವರಲ್ಲಿ ಎಷ್ಟು ಜನ ಹ್ಯಾಂಬರ್ಗಿನ ಮೂಲ ಹಾಡು ಹುಡುಕಿಕೊಂಡು ಹೋಗಿರುತ್ತಾರೆ? ಬಹಳ ಜನ ಇರಲಾರರು ಬಿಡಿ.

ಅದೇ ಹೊತ್ತಿಗೆ ಆಫೆನ್‌ಬಾಖ್‌ನ ಕುರ್ದಿಶ್ ಮನೆತನದ ರ‍್ಯಾಪರ್ ಹಾಫ್ಟ್‌ಬೆಫೇಲ್‌ನ ‘ಚಾಬೋಸ್ ವಿಸ್ಸೆನ್ ವೇರ್ ಡೇರ್ ಬಾಬೋ ಇಸ್ಟ್’ ಹಾಡಿಗೂ ಈತನದೇ ಬೀಟ್. ಆ ಹಾಡಿನಿಂದ ಮನೆಮಾತಾದ ‘ಬಾಬೋ’, ಅಂದರೆ ಬಾಸ್, 2013ರಲ್ಲಿ ಜರ್ಮನಿಯಲ್ಲಿ ವರ್ಷದ ಯುವಜನರ ಪದ ಅಂತ ಆಯ್ಕೆಯಾಯಿತು. ನೋಡಿ, ಕಾಬೂಲಿನಲ್ಲಿ ಹುಟ್ಟಿದವನ ತಾಳ, ಕುರ್ದಿಶ್ ಮನೆತನದವನ ಮಾತು, ಅದನ್ನು ಶಾಲೆ ಮಕ್ಕಳಿಂದ ಟಿವಿ ಆಂಕರ್‌ವರೆಗೆ ಎಲ್ಲರೂ ಬಳಸಿದರು. ಇದಕ್ಕೆ ಯಾರೂ ‘ವಲಸಿಗರ ಸಂಗೀತ’ ಅಂತ ಲೇಬಲ್ ಅಂಟಿಸಲಿಲ್ಲ. ಹಿಟ್ ಆದರೆ ಜರ್ಮನ್ ಪಾಪ್, ಆಗದಿದ್ದರೆ ವಲಸಿಗರ ಕಲೆ. ಲೆಕ್ಕ ಹಾಗೇ ಅಲ್ವಾ?

ಅಫ್ಘಾನಿಸ್ತಾನ ಹೆಸರಿನಲ್ಲೇ ಬಂದದ್ದು 2013ರ ಅವನ ಸ್ವಂತ ಆಲ್ಬಮ್ ‘ಕಾಬೂಲ್ ಫೈರ್’ ಮೊದಲ ಭಾಗದಲ್ಲಿ. ಎರಡನೇ ಭಾಗಕ್ಕೆ 2021ರವರೆಗೆ ಕಾಯಬೇಕಾಯಿತು. ಯಾರಿಗೂ ಅವಸರ ಇರಲಿಲ್ಲ ಅನ್ನಿಸುತ್ತದೆ, ಅವನಿಗಂತೂ ಇಲ್ಲ. ಬೇರೆಯವರ ಹಾಡು ಕಟ್ಟಿ ಕೈ ಪಳಗಿದ ಮೇಲೆ, ಅದೇ ಹೆಸರಿನ ತನ್ನ ರೆಕಾರ್ಡ್ ಕಂಪನಿಯಿಂದ, ತನಗೆ ಬೇಕಾದ ಹಾಗೆ ಹೊರತಂದ. ನನಗೆ ಇದರಲ್ಲಿ ಇಷ್ಟ ಆಗುವುದೇ ಈ ನಿಧಾನ.

ಎರಡನೇ ಭಾಗ ಕೇಳುವಾಗ ಅಫ್ಘಾನ್ ಹಾಡುಗಳ ಚೂರು, ಯಾರೋ ಮಾತಾಡಿದ್ದು, ಹಳೇ ತಂತಿವಾದ್ಯ, ಎಲ್ಲಾ ಬರುತ್ತವೆ. ಆದರೆ ಪೂರ್ತಿ ಬರುವುದಿಲ್ಲ. ಒಂದು ರಾಗ ಹಿಡಿಯಿತು ಅನ್ನುವಷ್ಟರಲ್ಲಿ ಡ್ರಮ್ಸ್ ಬಂದು ಅದನ್ನು ಇನ್ನೊಂದು ಕಡೆ ಎಳೆದುಕೊಂಡು ಹೋಗುತ್ತದೆ. ಹಳೇ ಕಾಬೂಲಿನ ನೆನಪಿಗೆ ಕಣ್ಣೀರು ಹಾಕಿಸುವ ಆಲ್ಬಮ್ ಮಾಡೋದು ಸುಲಭ ಇತ್ತು. ರಬಾಬ್ ಅನ್ನೋ ಅಲ್ಲಿಯ ತಂತಿವಾದ್ಯ ಮುಂದಿಟ್ಟು, ಹಿಂದೆ ಮೆಲ್ಲಗೆ ಎಲೆಕ್ಟ್ರಾನಿಕ್ ಹೊಗೆ ಬಿಟ್ಟರೆ ಯೂರೋಪಿನ ಕೆಫೆಗಳಲ್ಲಿ ವರ್ಷಪೂರ್ತಿ ಓಡುತ್ತದೆ. ಈತ ಅದನ್ನು ಮಾಡಲಿಲ್ಲ. ಕೆಲವು ಟ್ರ್ಯಾಕ್ ಬೇಗ ಮುಗಿದೇ ಹೋಗುತ್ತವೆ, ಇನ್ನೊಂದು ನಿಮಿಷ ಬಿಡಬಾರದಿತ್ತಾ ಅನ್ನಿಸುತ್ತದೆ. ಅದು ನನ್ನ ದೂರು.

ಎರಡನೇ ಭಾಗ ಬಂದ ವರ್ಷವೇ, ಆಗಸ್ಟ್ 15ಕ್ಕೆ, ಕಾಬೂಲ್ ಮತ್ತೆ ತಾಲಿಬಾನ್ ಕೈ ಸೇರಿತು. ಅದೇ ತಿಂಗಳು ಅಂದರಾಬ್ ಕಣಿವೆಯ ಜನಪದ ಗಾಯಕ ಫವಾದ್ ಅಂದರಾಬಿಯನ್ನು ಗುಂಡಿಟ್ಟು ಕೊಂದರು. ದೇಶದ ಸಂಗೀತ ಶಾಲೆಯ ಮಕ್ಕಳು, ಮೇಷ್ಟ್ರುಗಳು ಪೋರ್ಚುಗಲ್‌ಗೆ ಹೋದರು. 2023ರ ಜುಲೈನಲ್ಲಿ ಹೆರಾತ್‌ನಲ್ಲಿ ಗಿಟಾರ್, ಹಾರ್ಮೋನಿಯಂ, ತಬಲಾ, ಸ್ಪೀಕರ್ ಗುಡ್ಡೆ ಹಾಕಿ ಬೆಂಕಿ ಇಟ್ಟರು. ತಾಲಿಬಾನ್ ಮೊದಲ ಸಲ ಆಳಿದಾಗ, 1996ರಿಂದ 2001ರವರೆಗೆ, ಕ್ಯಾಸೆಟ್ಟಿನ ಟೇಪ್ ಕಿತ್ತು ಚೆಕ್‌ಪೋಸ್ಟ್ ಕಂಬಗಳಿಗೆ ಸುತ್ತುತ್ತಿದ್ದರು. ಸರ್ಕಾರಿ ಸಿನಿಮಾ ಸಂಸ್ಥೆಯ ನೌಕರರು ರೀಲುಗಳನ್ನು ಒಂದು ಕೋಣೆಯಲ್ಲಿಟ್ಟು, ಬಾಗಿಲು ಕಾಣದ ಹಾಗೆ ಸುಳ್ಳು ಗೋಡೆ ಕಟ್ಟಿ ಉಳಿಸಿದ್ದರು.

ಇದನ್ನೆಲ್ಲಾ ಹೇಳಿದ್ದು ಈತನ ಆಲ್ಬಮ್‌ಗೆ ಕರುಣೆಯ ಮಾರ್ಕ್ಸ್ ಕೊಡಿಸಲು ಅಲ್ಲ. ಹಳೇ ಟೇಪಿನ ಎರಡು ಸೆಕೆಂಡ್ ಕೂಡ ಯಾಕೆ ದೊಡ್ಡದು ಅಂತ ಗೊತ್ತಾಗಲಿ ಅಂತ.

‘ಅಫ್ಘಾನ್ ಶುದ್ಧ ಸಂಗೀತಕ್ಕೆ ಕಂಪ್ಯೂಟರ್ ಯಾಕೆ’ ಅನ್ನುವವರೂ ಇದ್ದಾರೆ. ಶುದ್ಧ ಅಂದರೆ ಯಾವುದು? ಕಾಬೂಲಿನ ಖರಾಬಾತ್ ಅನ್ನೋ ಸಂಗೀತಗಾರರ ಕೇರಿ ಶುರುವಾದದ್ದೇ ಅಮೀರ್ ಶೇರ್ ಅಲಿ ಖಾನ್ 1860ರ ದಶಕದಲ್ಲಿ ಉತ್ತರ ಭಾರತದಿಂದ ಕರೆಸಿಕೊಂಡ ಉಸ್ತಾದರಿಂದ. ಅಲ್ಲಿಯ ದೊಡ್ಡ ಗಾಯಕ ಉಸ್ತಾದ್ ಸರಾಹಂಗ್ ಕಲಿತದ್ದು ಪಟಿಯಾಲಾ ಘರಾಣೆಯಲ್ಲಿ. ಅಫ್ಘಾನ್ ರಬಾಬ್ ಇತ್ತ ಬಂದು, ಕರುಳಿನ ತಂತಿ ಹೋಗಿ ಲೋಹದ ತಂತಿ ಬಂದು, ಸರೋದ್ ಆಯಿತು. ಮೈಸೂರಿನಲ್ಲಿ ಕೂತು ರಾಜೀವ ತಾರಾನಾಥರು ನುಡಿಸುತ್ತಿದ್ದದ್ದು ಆ ಕುಲದ ವಾದ್ಯವೇ. 1970ರ ದಶಕದಲ್ಲಿ ಅಹ್ಮದ್ ಜಾಹಿರ್ ಅದೇ ಕಾಬೂಲಿನಲ್ಲಿ ಅಕಾರ್ಡಿಯನ್ ಹಾಕಿಕೊಂಡು ಎಲ್ವಿಸ್ ಥರ ಕೂದಲು ಬಾಚಿ ಹಾಡುತ್ತಿದ್ದ. ಆಗ ಯಾರು ಶುದ್ಧ ಕೇಳಿದರು? ಹಳೇ ರೆಕಾರ್ಡಿನ ತುಣುಕು ಹಿಡಿದು ನುಡಿಸುವ ಯಂತ್ರ, ಸ್ಯಾಂಪ್ಲರ್, ಬಂದಾಗ ಮಾತ್ರ ಮಡಿ ಯಾಕೆ?

ಇನ್ನೊಂದು ಆಕ್ಷೇಪಕ್ಕೆ ಇಷ್ಟು ಸುಲಭವಾಗಿ ಉತ್ತರ ಇಲ್ಲ. ‘ಬೇರೆಯವರು ನುಡಿಸಿದ್ದನ್ನು ಕತ್ತರಿಸಿ ಅಂಟಿಸೋದು ಕಳ್ಳತನ’ ಅನ್ನೋದು. ಜರ್ಮನಿಯಲ್ಲೇ ಇದರ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೇಸ್ ನಡೆದಿದೆ. ಕ್ರಾಫ್ಟ್‌ವರ್ಕ್ ತಂಡದ 1977ರ ರೆಕಾರ್ಡಿನಿಂದ ಎರಡು ಸೆಕೆಂಡಿನ ತಾಳ ತೆಗೆದು ಮೋಸೆಸ್ ಪೆಲ್ಹಾಮ್ ಅನ್ನೋ ಪ್ರೊಡ್ಯೂಸರ್ 1997ರಲ್ಲಿ ಒಂದು ರ‍್ಯಾಪ್ ಹಾಡು ಮಾಡಿದ. 2016ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಕಲೆಯ ಸ್ವಾತಂತ್ರ್ಯಕ್ಕೆ ತೂಕ ಕೊಟ್ಟಿತು. 2019ರಲ್ಲಿ ಯೂರೋಪಿನ ನ್ಯಾಯಾಲಯ, ಕೇಳಿದರೆ ಗುರುತು ಹತ್ತುವ ಹಾಗಿದ್ದರೆ ಸಾಮಾನ್ಯವಾಗಿ ಒಪ್ಪಿಗೆ ಬೇಕು ಅಂದಿತು.

ಕ್ರಾಫ್ಟ್‌ವರ್ಕ್‌ಗೆ ವಕೀಲರಿದ್ದಾರೆ. ರೇಡಿಯೋ ಕಾಬೂಲಿನಲ್ಲಿ ನುಡಿಸಿದ ತಬಲಾದವನಿಗೆ ಯಾರಿದ್ದಾರೆ? ರೇಡಿಯೋ ಈಗ ಸಂಗೀತವನ್ನೇ ಬೇಡ ಅನ್ನುವವರ ಕೈಯಲ್ಲಿದೆ. ನುಡಿಸಿದವರು ತೀರಿಕೊಂಡಿದ್ದಾರೆ, ಮಕ್ಕಳು ಪೆಶಾವರ, ಮಶದ್, ಹ್ಯಾಂಬರ್ಗ್ ಅಂತ ಚದುರಿದ್ದಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋರು ಯಾರು? ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದವರು ಜಗಳ ಆಡಿ. ಒಪ್ಪಿಗೆ ಸಿಗುವ ತನಕ ಕಾಯಬೇಡಿ, ಬಳಸಿ. ಆದರೆ ನುಡಿಸಿದವರ ಹೆಸರು ಗೊತ್ತಿದ್ದರೆ ಆಲ್ಬಮ್‌ನ ಮೇಲೆ ಹಾಕಿ. ಮನೆಯವರು ಹುಡುಕಿಕೊಂಡು ಬಂದರೆ ದುಡ್ಡಿನಲ್ಲಿ ಪಾಲು ಕೊಡಿ. ಯಾರಿಗೂ ಕೇಳಿಸದ ಹಾಗೆ ಟೇಪು ಧೂಳು ತಿನ್ನಲಿ ಅಂತ ಬಿಡುವ ಕಾನೂನನ್ನು ನಾನಂತೂ ಬೆಂಬಲಿಸಲ್ಲ.