ಬರುತ್ತೇನೆ ಎಂದ ಮೇಲೂ ಒಂದು ತಾಸು

‘ಲಾಡ್ಜಿನಲ್ಲಿ ಇಳಿದುಕೊಳ್ಳಲು ನಾವೇನು ಸತ್ತುಹೋಗಿದ್ದೇವೆಯೇ?’

ಧಾರವಾಡದ ಅಕ್ಕ ಫೋನಿನಲ್ಲಿ ಕೇಳಿದ ಮೊದಲ ಮಾತೇ ಇದು. ಹುಬ್ಬಳ್ಳಿಯ ಲಾಡ್ಜಿನ ಕೌಂಟರಿನಲ್ಲಿ ನಾನು ಆಧಾರ್ ಕಾರ್ಡಿನ ಜೆರಾಕ್ಸ್ ಕೊಡುತ್ತಿದ್ದುದನ್ನು ಭಾವನ ಕಾಕಾನ ಮಗ ಎದುರಿನ ತನ್ನ ಅಂಗಡಿಯಿಂದ ನೋಡಿದ್ದ. ನಾನು ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಸುದ್ದಿ ಧಾರವಾಡ ಮುಟ್ಟಿತ್ತು.

ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಎರಕದ ತಪಾಸಣೆ ನನ್ನ ಕೆಲಸ. ಕೊಲ್ಹಾಪುರದ ಶಿರೋಳಿ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ ಎಂದು ತಿಂಗಳಿಗೊಮ್ಮೆ ಒಂದೇ ಹೆದ್ದಾರಿಗುಂಟ ಫೌಂಡ್ರಿ ಸುತ್ತುತ್ತೇನೆ. ಕೆಲಸ, ನೆಂಟರು, ಗುಡಿಗಳು ಎಲ್ಲವೂ ಆ ಒಂದೇ ದಾರಿಯಲ್ಲಿ. ಇಂಥ ನೌಕರಿ ಸಿಗಲು ಪುಣ್ಯ ಮಾಡಿರಬೇಕು ಎನ್ನುತ್ತಾರೆ ಗೆಳೆಯರು. ಅವರಿಗೆ ಧಾರವಾಡದಲ್ಲಿ ಅಕ್ಕ ಇಲ್ಲ.

ಪುಣೆಯವರ ಆತಿಥ್ಯವನ್ನು ಮಹಾರಾಷ್ಟ್ರದವರೇ ಹಾಸ್ಯ ಮಾಡುತ್ತಾರೆ. ‘ಊಟ ಮುಗಿಸಿಕೊಂಡೇ ಬಂದಿದ್ದೀರಲ್ಲವೇ’ ಎಂದು ಬಾಗಿಲಲ್ಲೇ ಕೇಳುತ್ತಾರಂತೆ. ಆ ಹಾಸ್ಯಕ್ಕೆ ನಾನೂ ನಕ್ಕವನೇ. ಆದರೆ ಕಳೆದ ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬರು ಸಾತಾರಾದ ತಮ್ಮ ತಂದೆ ತಾಯಿಗೆ ಒಂದು ಔಷಧದ ಪೊಟ್ಟಣ ತಲುಪಿಸಲು ಹೇಳಿದರು. ಫೋನ್ ಮಾಡಿದರೆ ಆ ಹಿರಿಯರು ಎರಡೇ ಪ್ರಶ್ನೆ ಕೇಳಿದರು: ಎಷ್ಟು ಗಂಟೆಗೆ ಬರುತ್ತೀರಿ, ಎಷ್ಟು ಗಂಟೆಗೆ ಹೊರಡಬೇಕು? ಬರುವ ಮೊದಲೇ ಹೊರಡುವ ಮಾತೇ ಎಂದು ಒಳಗೊಳಗೇ ಚುಚ್ಚಿತು. ಹೋದೆ. ಚಹಾ ಬಂತು, ಒಂದು ತಟ್ಟೆ ಪೋಹೆ ಬಂತು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಲೇ ಅವರೇ ಎದ್ದು, ‘ಎರಡಕ್ಕೆ ಶಿರೋಳಿಯಲ್ಲಿ ಇರಬೇಕಲ್ಲ, ಹೊರಡಿ’ ಎಂದು ಕಂದಿ ಪೇಢೆಯ ಡಬ್ಬಿಯನ್ನು ಕೈಗಿತ್ತರು. ನಾನು ‘ಯೇತೊ’ ಎಂದೆ, ಮೆಟ್ಟಿಲಿಳಿದೆ. ಅಷ್ಟೇ.

ಮರಾಠಿಯ ‘ಯೇತೊ’ ಎಂದರೂ ಬರುತ್ತೇನೆ ಎಂದೇ ಅರ್ಥ. ಹೋಗುವಾಗ ಹೋಗುತ್ತೇನೆ ಎನ್ನಬಾರದೆಂಬ ಕಟ್ಟಳೆ ಎರಡೂ ಕಡೆ ಒಂದೇ. ವ್ಯತ್ಯಾಸವೆಂದರೆ, ಸಾತಾರಾದಲ್ಲಿ ಹಾಗೆಂದವನು ಹೋಗುತ್ತಾನೆ. ಧಾರವಾಡದಲ್ಲಿ ‘ಬರುತ್ತೇನೆ’ ಎಂದ ಮೇಲೆ ಒಗ್ಗರಣೆ ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚಲು ಶುರು ಮಾಡುತ್ತಾರೆ.

ಆ ದಿನ ಶಿರೋಳಿಯಲ್ಲಿ ಎರಕ ಇನ್ನೂ ಆರಿರಲಿಲ್ಲ, ನಾಳೆ ಬೆಳಿಗ್ಗೆ ಅಚ್ಚು ಒಡೆಯುತ್ತೇವೆ ಎಂದರು. ಫೌಂಡ್ರಿಯ ಮಟ್ಟಿಗೆ ಇದು ಮಾಮೂಲು. ಮಧ್ಯಾಹ್ನವೆಲ್ಲ ನನ್ನದಾಯಿತು, ಕೇಳುವವರಿಲ್ಲ. ನರಸೋಬಾವಾಡಿ ದಾಟಿ ಖಿದ್ರಾಪುರಕ್ಕೆ ಹೋದೆ. ಕೃಷ್ಣೆಯ ದಂಡೆಯಲ್ಲಿ ಶಿಲಾಹಾರರ ಕಾಲದ ಕೊಪ್ಪೇಶ್ವರ ಗುಡಿ ಇದೆ. ಮುಂದಿನ ಸ್ವರ್ಗಮಂಟಪದ ಸೂರಿನ ನಡುವೆ ದುಂಡಗೆ ತೆರೆದ ಜಾಗ, ಅದರ ಕೆಳಗೆ ಅಷ್ಟೇ ದುಂಡಗಿನ ಕಲ್ಲುಹಾಸು. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯುವುದನ್ನು ನೋಡುತ್ತ ಎರಡು ತಾಸು ಕುಳಿತೆ. ಅಲ್ಲಿ ಕನ್ನಡ ಶಾಸನಗಳಿವೆ. ಹಳಗನ್ನಡ ಲಿಪಿಯಲ್ಲಿ ನನಗೆ ಗುರುತು ಹತ್ತಿದ್ದು ನಾಲ್ಕೈದು ಅಕ್ಷರ ಮಾತ್ರ. ಆದರೂ ಕಲ್ಲಿನ ಮೇಲೆ ಬೆರಳಾಡಿಸುವಾಗ, ಬೇರೆಯವರ ಊರಿನಲ್ಲಿ ನಮ್ಮ ಅಜ್ಜನ ಸಹಿ ಕಂಡಂತಾಯಿತು.

ಈಗ ಊರಿನ ಕಥೆ. ಹುಬ್ಬಳ್ಳಿ–ಧಾರವಾಡ ರಸ್ತೆಯ ಉಣಕಲ್ಲಿನಲ್ಲಿ ಚಂದ್ರಮೌಳೇಶ್ವರ ಗುಡಿ ಇದೆ. ಚಾಲುಕ್ಯರ ಕಾಲದ್ದು, ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಗೋಕುಲ ರಸ್ತೆಯ ಕೆಲಸ ಮುಗಿಸಿ ಚಿಗರಿ ಬಸ್ಸಿನಲ್ಲಿ ಅಕ್ಕನ ಮನೆಗೆ ಹೋಗುವಾಗ ಪ್ರತಿ ಸಲ ಉಣಕಲ್ ದಾಟುತ್ತೇನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಇಳಿದಿಲ್ಲ. ಅಕ್ಕನ ಫೋನು ಮೂರೂಕಾಲಿಗೇ ಬಂದಿರುತ್ತದೆ. ‘ಗುಡಿ ಎಲ್ಲಿಗೂ ಹೋಗುವುದಿಲ್ಲ, ರೊಟ್ಟಿ ಆರುತ್ತವೆ’ ಎನ್ನುತ್ತಾಳೆ. ಊಟವಾದ ಮೇಲೆ ಮಾವಶಿಗೆ ಮುಖ ತೋರಿಸಬೇಕು, ಮಾವಶಿಯ ಮನೆಗೆ ಹೋಗಿ ಅದೇ ಓಣಿಯ ಕಾಕುವಿನ ಮನೆಗೆ ಹೋಗದಿದ್ದರೆ ಮುಂದಿನ ಮದುವೆಯವರೆಗೂ ಮಾತು ಕೇಳಬೇಕು. ರಾತ್ರಿ ಹನ್ನೊಂದಕ್ಕೆ ತಪಾಸಣಾ ವರದಿ ಬರೆಯಲು ಕುಳಿತರೆ ಭಾವ ಬಂದು ಪಕ್ಕದಲ್ಲಿ ಕೂರುತ್ತಾರೆ: ‘ಇಲ್ಲಿಗೆ ಬಂದೂ ಕೆಲಸವೇನೋ?’ ಕೆಲಸಕ್ಕೇ ಬಂದದ್ದು ಎಂದು ಅವರಿಗೆ ಯಾರು ಹೇಳಬೇಕು!

ನಮ್ಮಲ್ಲಿ ಪ್ರೀತಿಗೆ ಗಡಿಯಾರವಿಲ್ಲ. ಹಾಗೆಂದು ಹೆಮ್ಮೆಪಡುತ್ತೇವೆ ಕೂಡ. ದುಡಿಯುವವನಿಗೆ ಗಡಿಯಾರವಿದೆ ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಇಪ್ಪತ್ತು ನಿಮಿಷ ಬಂದು ಹೋದರೆ ಅವಮಾನ, ಬರದಿದ್ದರೆ ಇನ್ನೂ ದೊಡ್ಡ ಅವಮಾನ. ಹೀಗಾಗಿ ನೆಂಟರಿರುವ ಊರಿಗೆ ಹೋದದ್ದನ್ನೇ ಮುಚ್ಚಿಡುವವರು ನನಗೆ ಗೊತ್ತು. ಅವರಲ್ಲಿ ನಾನೂ ಒಬ್ಬ.

ಇಷ್ಟೆಲ್ಲ ಬರೆದ ಮೇಲೆ ಒಂದೆರಡು ಸಂಗತಿ ಹೇಳದೆ ಇರುವುದು ಸರಿಯಲ್ಲ. ಫೌಂಡ್ರಿಯ ಕಪ್ಪು ಮರಳು ಅಂಗಿಯ ಕಾಲರಿಗೆ ಹತ್ತಿದರೆ ಮಷಿನ್ನಿಗೆ ಬಗ್ಗುವುದಿಲ್ಲ. ಅಕ್ಕ ಅದನ್ನು ರಾತ್ರಿಯೇ ಬಚ್ಚಲಲ್ಲಿ ಉಜ್ಜಿ ಒಗೆದು, ಫ್ಯಾನಿನ ಕೆಳಗೆ ಒಣಹಾಕಿ, ಬೆಳಿಗ್ಗೆ ಇಸ್ತ್ರಿ ಮಾಡಿಟ್ಟಿರುತ್ತಾಳೆ. ಲಾಡ್ಜಿನ ಬದಲು ಅವಳ ಮನೆಯಲ್ಲಿ ಮಲಗಿದ ರಾತ್ರಿಗೆ ಕಂಪನಿ ‘ಸ್ವಂತ ವ್ಯವಸ್ಥೆ’ ಎಂಬ ತಲೆಬರಹದಲ್ಲಿ ನನಗೆ ಆರುನೂರು ರೂಪಾಯಿ ಕೊಡುತ್ತದೆ. ಇದನ್ನು ಅಕ್ಕನಿಗೆ ಇನ್ನೂ ಹೇಳಿಲ್ಲ.

ಇನ್ನೊಂದು, ಹೋದ ವರ್ಷದ್ದು. ಭಾವ ಕಣ್ಣು ತೋರಿಸಲು ಪುಣೆಗೆ ಬರುತ್ತೇನೆ ಎಂದು ಫೋನ್ ಮಾಡಿದರು. ರಜೆ ಹೊಂದಿಸಿಕೊಳ್ಳಬೇಕಿತ್ತು, ಅದಕ್ಕಾಗಿ ‘ವಾಪಸು ಟಿಕೆಟ್ ಯಾವತ್ತಿನದು?’ ಎಂದು ಕೇಳಿದೆ. ಆ ಕಡೆ ಒಂದು ಕ್ಷಣ ಸದ್ದಿರಲಿಲ್ಲ. ನಾಲ್ಕು ದಿನಕ್ಕೆಂದು ಹೊರಟಿದ್ದವರು ಒಂದೇ ರಾತ್ರಿ ಉಳಿದು, ಮರುದಿನ ಸ್ವಾರ್‌ಗೇಟಿನಲ್ಲಿ ಬಸ್ಸು ಹಿಡಿದರು. ಅಕ್ಕ ಈ ವಿಷಯ ಇವತ್ತಿನವರೆಗೂ ಎತ್ತಿಲ್ಲ. ಲಾಡ್ಜಿನ ವಿಷಯ ಮಾತ್ರ ಪ್ರತಿ ಫೋನಿನಲ್ಲೂ ಎತ್ತುತ್ತಾಳೆ.

ಮುಂದಿನ ವಾರ ಮತ್ತೆ ಹುಬ್ಬಳ್ಳಿ. ಶುಕ್ರವಾರ ಸಂಜೆ ಬರುತ್ತೇನೆ, ಭಾನುವಾರದವರೆಗೂ ಇರುತ್ತೇನೆ ಎಂದು ಅಕ್ಕನಿಗೆ ಹೇಳಿದ್ದೇನೆ. ನಿಜವಾಗಿ ಗುರುವಾರ ಮಧ್ಯಾಹ್ನವೇ ಮುಟ್ಟುತ್ತೇನೆ, ಉಣಕಲ್ಲಿಗೆ. ಲಾಡ್ಜ್ ಬೇರೆ ಗೊತ್ತುಮಾಡಿದ್ದೇನೆ. ಎದುರಿನ ಅಂಗಡಿ ಯಾರದೆಂದು ಈ ಸಲ ಮೊದಲೇ ವಿಚಾರಿಸಿಕೊಂಡಿದ್ದೇನೆ.