ಊರೂರು ಸುತ್ತುವ ಬದುಕಿಗೆ ಆನ್‌ಲೈನ್ ವ್ಯಾಪಾರ ಅನ್ನ ಹಾಕೀತೇ?

ಪರ: ಅಗ್ಗದ ಊರೇ ಮೊದಲ ಬಂಡವಾಳ

ಕೈಯಲ್ಲಿ ನಾಲ್ಕು ಲಕ್ಷ ಉಳಿತಾಯ ಇರುವ ಒಬ್ಬಂಟಿಗರೊಬ್ಬರು ಬೆಂಗಳೂರಿನಲ್ಲೇ ಇದ್ದುಕೊಂಡು, ಕೆಲಸ ಬಿಟ್ಟು, ಸ್ವಂತದ್ದೇನಾದರೂ ಶುರು ಮಾಡುತ್ತಾರೆ ಎಂದುಕೊಳ್ಳಿ. ಬಾಡಿಗೆ, ಮೇಂಟೆನೆನ್ಸ್, ಹೊರಗಿನ ಊಟ, ಆಟೊ ಎಲ್ಲ ಸೇರಿ ತಿಂಗಳಿಗೆ 65 ಸಾವಿರ ಹಿಡಿದರೂ ಆರು ತಿಂಗಳಿಗೆ ದುಡ್ಡು ಮುಗಿಯಿತು. ಗಿರಾಕಿಗಳು ಬರಲು ಶುರುವಾಗುವ ಹೊತ್ತಿಗೆ ಇವರು ರೆಸ್ಯೂಮೆ ತಿದ್ದುತ್ತ ಕೂತಿರುತ್ತಾರೆ. ಅದೇ ನಾಲ್ಕು ಲಕ್ಷ ಹಿಡಿದು ಹಿಮಾಚಲದ ಬೀರ್ ಎಂಬ ಊರಿಗೋ, ಗೋಕರ್ಣದ ಬೀಚಿನಿಂದ ಒಂದಿಷ್ಟು ಒಳಗಿರುವ ಮಾಸಿಕ ಬಾಡಿಗೆಯ ಕೋಣೆಗೋ ಹೋಗಿ 30 ಸಾವಿರದಲ್ಲಿ ತಿಂಗಳು ತೂಗಿಸಿದರೆ ವರ್ಷ ದಾಟುತ್ತದೆ. ಹೊಸ ವ್ಯಾಪಾರಕ್ಕೆ ಬೇಕಾದದ್ದು ಈ ಹೆಚ್ಚುವರಿ ಏಳು ತಿಂಗಳು. ಅಲೆದಾಟ ಎಂದರೆ ದುಂದು ಎಂದು ಮನೆಯವರು ಗೊಣಗುತ್ತಾರಲ್ಲ, ಲೆಕ್ಕ ಹಾಕಿದರೆ ದುಂದಿರುವುದು ಬೆಂಗಳೂರಿನ ಬೆಳ್ಳಂದೂರಿನಲ್ಲಿ.

ಯಾವ ವ್ಯಾಪಾರ ಎಂಬ ಪ್ರಶ್ನೆಗೆ ಬರೋಣ. ಬ್ಲಾಗ್ ಬರೆದು ಜಾಹೀರಾತಿನ ಹಣಕ್ಕೆ ಕಾಯುವುದು, ಚೀನಾದ ಸಾಮಾನನ್ನು ಕಣ್ಣಲ್ಲೂ ನೋಡದೆ ಮಾರುವುದು, ಟೀ ಶರ್ಟ್ ಮೇಲೆ ಚಿತ್ರ ಅಚ್ಚು ಹಾಕಿಸುವುದು, ಇವನ್ನು ನಾನು ಸಮರ್ಥಿಸುವುದಿಲ್ಲ. ಯೂಟ್ಯೂಬ್ ಜಾಹೀರಾತಿನಲ್ಲಿ ಪಾಲು ಕೇಳಲೇ 1,000 ಚಂದಾದಾರರೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆಯೂ ಬೇಕು, ಶಾರ್ಟ್ಸ್ ದಾರಿ ಹಿಡಿದರೆ 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ. ನಾನು ಹೇಳುತ್ತಿರುವುದು ಕೈಯಲ್ಲಿರುವ ಕಸುಬನ್ನು ದೂರದವರಿಗೆ ಮಾರುವ ಬಗ್ಗೆ. ವಿದೇಶದ ಸಣ್ಣ ಅಂಗಡಿಗಳ ಆನ್‌ಲೈನ್ ಸ್ಟೋರ್ ನೋಡಿಕೊಳ್ಳುವುದು, ಲೆಕ್ಕಪತ್ರ ಬರೆಯುವುದು, ಬೇರೆಯವರ ವಿಡಿಯೊ ಎಡಿಟ್ ಮಾಡಿಕೊಡುವುದು, ಪಾಠ ಹೇಳುವುದು. ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಹಾಗಾಗಿಯೇ ‘ಟಾಪ್ ಟೆನ್ ಐಡಿಯಾ’ ವಿಡಿಯೊಗಳಲ್ಲಿ ಇವಕ್ಕೆ ಕೊನೆಯ ಜಾಗ.

ಕರ್ನಾಟಕ ಸಂಗೀತದ ಆನ್‌ಲೈನ್ ಪಾಠವನ್ನೇ ನೋಡಿ. ನಮ್ಮ ಶನಿವಾರ ಬೆಳಿಗ್ಗೆ ಏಳು ಗಂಟೆ ಎಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ ಆರೂವರೆ. ಶಾಲೆ ಮುಗಿಸಿ ಬಂದ ಮಗು ಕ್ಯಾಮೆರಾ ಮುಂದೆ ಕೂರುತ್ತದೆ. ಧ್ವನಿ ತಲುಪುವುದು ಅರೆಗಳಿಗೆ ತಡವಾಗುವುದರಿಂದ ಗುರು ಶಿಷ್ಯರು ಒಟ್ಟಿಗೆ ಹಾಡಲು ಆಗುವುದಿಲ್ಲ. ಟೀಚರ್ ಸರಳೆ ವರಸೆಯ ಒಂದು ಆವರ್ತ ಹೇಳಿ ಸುಮ್ಮನಾಗುತ್ತಾರೆ, ಮಗು ತನ್ನ ಮನೆಯ ತಂಬೂರ ಆ್ಯಪ್ ಹಾಕಿಕೊಂಡು ತಿರುಗಿ ಹೇಳುತ್ತದೆ. ತಾಳವನ್ನು ಸ್ಕ್ರೀನಿನಲ್ಲಿ ನೋಡಿ ಹಿಡಿಯುವಂತಿಲ್ಲ, ಪ್ರತಿಯೊಬ್ಬರೂ ತಮ್ಮ ತೊಡೆಯ ಮೇಲೆ ತಾವೇ ಹಾಕಿಕೊಳ್ಳಬೇಕು. ವಾರದ ನಡುವೆ ವಾಟ್ಸ್ಯಾಪ್‌ನಲ್ಲಿ ರೆಕಾರ್ಡಿಂಗ್ ಬರುತ್ತದೆ, ಶ್ರುತಿ ತಪ್ಪಿದಲ್ಲಿ ಟೀಚರ್ ತಿದ್ದಿ ಕಳಿಸುತ್ತಾರೆ. ತಿಂಗಳಿಗೆ 60 ಡಾಲರಿನಂತೆ ಇಪ್ಪತ್ತು ಮಕ್ಕಳು ಸೇರಿದರೆ 1,200 ಡಾಲರ್, ಇಂದಿನ ದರದಲ್ಲಿ ಲಕ್ಷ ರೂಪಾಯಿಯ ಆಸುಪಾಸು. ವಾರದಲ್ಲಿ ನಾಲ್ಕು ಬೆಳಿಗ್ಗೆಯ ದುಡಿಮೆ. ಉಳಿದ ಹೊತ್ತು ಅವರದು.

ಹಣ ತರಿಸಿಕೊಳ್ಳುವ ಜಂಜಾಟ ದೊಡ್ಡದು ಎಂದು ಹೆದರಿಸುವವರಿದ್ದಾರೆ. ಅಷ್ಟೇನಿಲ್ಲ. ಡಾಲರಿನಲ್ಲಿ ಇನ್‌ವಾಯ್ಸ್ ಬರೆಯುತ್ತೀರಿ, ಹಣ ಬಂದಾಗ ಬ್ಯಾಂಕು ಪರ್ಪಸ್ ಕೋಡ್, ಅಂದರೆ ಅದು ಯಾವ ಕೆಲಸಕ್ಕೆ ಬಂದದ್ದು ಎಂದು ಹೇಳುವ ಸಂಕೇತ, ಕೇಳುತ್ತದೆ. ಸಾಫ್ಟ್‌ವೇರ್ ಸಲಹೆಯ ಕೆಲಸವಾದರೆ ಪಿ0802 ಎಂದು ತುಂಬಿ, ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕು ಕೊಡುವ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡರೆ ಆಯಿತು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದರೆ ಸೇವೆಯ ರಫ್ತಿಗೆ ತೆರಿಗೆ ದರ ಸೊನ್ನೆ, ವರ್ಷಕ್ಕೊಮ್ಮೆ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ಮೊದಲು ಕಟ್ಟಿ ಆಮೇಲೆ ಮರಳಿ ಕೇಳುವ ಗೋಜೂ ಇಲ್ಲ. ಇಂಜಿನಿಯರಿಂಗ್, ಲೆಕ್ಕಪತ್ರ, ತಾಂತ್ರಿಕ ಸಲಹೆಯಂಥ ಕೆಲವು ವೃತ್ತಿಗಳಿಗೆ ಆದಾಯ ತೆರಿಗೆಯಲ್ಲಿ ಇನ್ನೊಂದು ಅನುಕೂಲವಿದೆ. ನಗದು ವ್ಯವಹಾರ ಶೇ. 5 ಮೀರದಿದ್ದರೆ, ಒಟ್ಟು ಗಳಿಕೆ 75 ಲಕ್ಷದವರೆಗೂ ಅರ್ಧವನ್ನು ಲಾಭ ಎಂದು ತೋರಿಸಿ ಅಷ್ಟಕ್ಕೇ ತೆರಿಗೆ ಕಟ್ಟಬಹುದು. ಸಂಬಳದವರಿಗೆ ಈ ಭಾಗ್ಯವಿಲ್ಲ.

ಹೊರದೇಶಗಳೂ ಬಾಗಿಲು ತೆರೆದಿವೆ. ಎಸ್ಟೋನಿಯಾ 2020ರಲ್ಲೇ ಹೀಗೆ ಸುತ್ತುತ್ತ ಆನ್‌ಲೈನ್ ಕೆಲಸ ಮಾಡುವವರಿಗೆಂದು ವೀಸಾ ತಂದಿತು. ಮಲೇಷ್ಯಾ 2022ರಲ್ಲಿ, ಥಾಯ್ಲೆಂಡ್ 2024ರ ಜುಲೈನಲ್ಲಿ. ಥಾಯ್ಲೆಂಡಿನದು ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಒಮ್ಮೆ ಹೋದರೆ 180 ದಿನ ಇರಬಹುದು. ಹೊರಗೆ ಹೋಗಲೇಬೇಕೆಂದೂ ಇಲ್ಲ. ಸಿಕ್ಕಿಂನ ಯಾಕ್ತೆನ್ ಎಂಬ ಹಳ್ಳಿಯನ್ನು 2025ರಲ್ಲಿ ಲ್ಯಾಪ್‌ಟಾಪ್ ಕೆಲಸದವರ ಹಳ್ಳಿಯಾಗಿಯೇ ಸಜ್ಜು ಮಾಡಿದ್ದಾರೆ. ನಮ್ಮಲ್ಲೂ 2020ರ ಲಾಕ್‌ಡೌನ್‌ನಲ್ಲಿ ಮಲೆನಾಡಿನ ಹುಡುಗರು ಗುಡ್ಡದ ನೆತ್ತಿಯಲ್ಲಿ ಟಾರ್ಪಾಲು ಕಟ್ಟಿ ಸಿಗ್ನಲ್ ಹಿಡಿದು ಕೆಲಸ ಮಾಡಿದರಲ್ಲ. ಅಂಥ ಎಷ್ಟೋ ಮನೆಗಳ ಜಗಲಿಗೆ ಈಗ ಫೈಬರ್ ಬಂದಿದೆ.

ಸಂಬಳದ ಕೆಲಸ ಭದ್ರ ಎಂಬ ಮಾತನ್ನು ಇನ್ನೂ ಯಾರಾದರೂ ಗಂಭೀರವಾಗಿ ಹೇಳುತ್ತಾರೆಯೇ? 2023ರಲ್ಲಿ ದೊಡ್ಡ ದೊಡ್ಡ ಟೆಕ್ ಕಂಪನಿಗಳು ಒಂದು ಇಮೇಲಿನಲ್ಲಿ ಸಾವಿರಾರು ಜನರನ್ನು ಮನೆಗೆ ಕಳಿಸಿದ್ದನ್ನು ಔಟರ್ ರಿಂಗ್ ರೋಡಿನವರು ಕಂಡಿದ್ದಾರೆ. ಒಂದೇ ಕಂಪನಿಯನ್ನು ನೆಚ್ಚಿದವನಿಗೆ ಅದು ಹೋದರೆ ಎಲ್ಲವೂ ಹೋಯಿತು. ಏಳು ಗಿರಾಕಿಗಳಿರುವವನಿಗೆ ಒಬ್ಬ ಬಿಟ್ಟರೆ ಆರು ಮಂದಿ ಉಳಿಯುತ್ತಾರೆ.

ವಿರೋಧ: ಕಾಸು ತರುವ ಕೆಲಸ ಕಾಲು ಕಟ್ಟುತ್ತದೆ

ಸಂಗೀತದ ಟೀಚರ್ ಉದಾಹರಣೆ ಚೆನ್ನಾಗಿದೆ, ನಾನೂ ಅದನ್ನೇ ಹಿಡಿದುಕೊಳ್ಳುತ್ತೇನೆ. ಶನಿವಾರ ಬೆಳಿಗ್ಗೆ ಏಳಕ್ಕೆ ಆಕೆಗೆ ನಾಯಿ ಬೊಗಳದ, ಪಕ್ಕದ ಕೋಣೆಯವರು ಸಾಮಾನು ಎಳೆದಾಡದ ಜಾಗ ಬೇಕು. ಅರ್ಧ ಗಂಟೆಯೂ ಕೈಕೊಡದ ಇಂಟರ್ನೆಟ್ ಬೇಕು. ಶುಕ್ರವಾರ ರಾತ್ರಿಯ ಸ್ಲೀಪರ್ ಬಸ್ಸು ಹತ್ತುವಂತಿಲ್ಲ, ಯಾಕೆಂದರೆ ಬೆಳಿಗ್ಗೆ ಅದು ಎರಡು ಗಂಟೆ ತಡವಾಗಿ ತಲುಪಬಹುದು. ವಾರದಲ್ಲಿ ನಾಲ್ಕು ಬೆಳಿಗ್ಗೆ ಹೀಗೆ ಕಟ್ಟಿಹಾಕಿಕೊಂಡ ಮೇಲೆ ಸುತ್ತಾಟಕ್ಕೆ ಉಳಿದದ್ದೆಷ್ಟು? ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಇಡೀ ವೇಳಾಪಟ್ಟಿ ಒಂದು ಗಂಟೆ ಜಾರುತ್ತದೆ. ನಾಲ್ಕು ತಾಯಂದಿರಿಗೆ ಹೊಸ ಸಮಯ ಒಗ್ಗುವುದಿಲ್ಲ, ಅವರಿಗೆ ಮತ್ತೆ ಹೊಂದಿಸಿಕೊಡಬೇಕು. ಆಕೆ ಮೈಸೂರಿನ ಸರಸ್ವತಿಪುರಂನ ಒಂದು ಮನೆಯಲ್ಲಿದ್ದರೆ ಇದೇ ವ್ಯಾಪಾರ ಇನ್ನೂ ಚೆನ್ನಾಗಿ ನಡೆಯುತ್ತದೆ, ಇಪ್ಪತ್ತು ಮಕ್ಕಳು ಮೂವತ್ತಾಗುತ್ತಾರೆ.

ನನ್ನ ತಕರಾರು ಇಷ್ಟೆ. ಕಾಸು ತರುವ ಆನ್‌ಲೈನ್ ಕೆಲಸವೆಲ್ಲ ಕಾಲು ಕಟ್ಟುತ್ತದೆ, ಕಾಲು ಬಿಡುವ ಕೆಲಸ ಕಾಸು ತರುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಡುತ್ತೇನೆ ಎನ್ನುವವರು ಸಾಮಾನ್ಯವಾಗಿ ಕೋರ್ಸ್ ಮಾರುವವರು.

ಕಾಲು ಬಿಡುವ ಕೆಲಸಗಳ ಗತಿ ಏನಾಗಿದೆ ನೋಡಿ. ಸಾಮಾನುಗಳ ವಿಮರ್ಶೆ ಬರೆದು, ಲಿಂಕ್ ಹಾಕಿ, ಕಮಿಷನ್ನಿನಲ್ಲಿ ಬದುಕುತ್ತಿದ್ದವರಿಗೆ 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣ ಮತ್ತು ಗೃಹಬಳಕೆ ವಸ್ತುಗಳ ಕಮಿಷನ್ ದರವನ್ನು ಶೇ. 8ರಿಂದ 3ಕ್ಕೆ ಇಳಿಸಿತು. ಅದೇ ವರ್ಷ ಜೂನ್ 29ರಂದು ಭಾರತ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅದರಲ್ಲೇ ಹೆಸರು ಮಾಡಿದ್ದ ಹಳ್ಳಿ ಹುಡುಗರ ಲಕ್ಷಗಟ್ಟಲೆ ಫಾಲೋವರ್‌ಗಳು ರಾತ್ರೋರಾತ್ರಿ ಇಲ್ಲವಾದರು. 2023ರ ಸೆಪ್ಟೆಂಬರ್ ಮತ್ತು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರ ಬದಲಿಸಿದ ಮೇಲೆ ಎಷ್ಟೋ ಪ್ರವಾಸಿ ಬ್ಲಾಗುಗಳ ಓದುಗರು ಮಾಯವಾದರು. ಈ ಬ್ಲಾಗುಗಳು ಬರೆಯುತ್ತಿದ್ದದ್ದೇ ಊರೂರು ಸುತ್ತುತ್ತ ಬದುಕುವುದು ಹೇಗೆ ಎಂಬುದನ್ನು, ಅದು ಬೇರೆ ಮಾತು. ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಬರೆದು ಕಾಸು ನೋಡುತ್ತಿದ್ದ ನಮ್ಮ ಇಂಜಿನಿಯರಿಂಗ್ ಹುಡುಗರನ್ನು ಕೇಳಿ. ಅಂಥ ಕೆಲಸ ಕೊಡುತ್ತಿದ್ದ ಚೆಗ್ ಕಂಪನಿಯ ಷೇರು, ಚಾಟ್‌ಜಿಪಿಟಿಯಿಂದ ಪೆಟ್ಟು ಬಿದ್ದಿದೆ ಎಂದು ಅದೇ ಒಪ್ಪಿಕೊಂಡ ಮೇಲೆ, 2023ರ ಮೇ ತಿಂಗಳ ಒಂದೇ ದಿನದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು.

ಈ ಬದುಕಿನ ಅತಿ ಪ್ರಸಿದ್ಧ ಯಶಸ್ಸಿನ ಕಥೆ ಪೀಟರ್ ಲೆವೆಲ್ಸ್ ಎಂಬ ಡಚ್ ಪ್ರೋಗ್ರಾಮರನದು. ಆತ 2014ರಲ್ಲಿ ಶುರು ಮಾಡಿದ ನೋಮ್ಯಾಡ್ ಲಿಸ್ಟ್, ಯಾವ ಊರಿನಲ್ಲಿ ಖರ್ಚು ಎಷ್ಟು, ಇಂಟರ್ನೆಟ್ ಹೇಗೆ ಎಂದು ಅಲೆಮಾರಿಗಳಿಗೇ ಹೇಳಿ ಅವರಿಂದಲೇ ಸದಸ್ಯತ್ವದ ಹಣ ಪಡೆಯುವ ತಾಣ. ಜಾತ್ರೆಗೆ ಹೋದವರೆಲ್ಲ ಕಡಲೆಪುರಿ ಅಂಗಡಿಯವನ ಲಾಭ ನೋಡಿ, ಜಾತ್ರೆಗೆ ಹೋದರೆ ದುಡ್ಡು ಸಿಗುತ್ತದೆ ಎಂದುಕೊಂಡ ಹಾಗಾಯಿತು. ಆತ ಬುದ್ಧಿವಂತ, ಅನುಮಾನವಿಲ್ಲ. ಅದೇ ಜಾಗದಲ್ಲಿ ಇನ್ನೊಬ್ಬನಿಗೆ ಅವಕಾಶ ಎಷ್ಟಿದೆ ಎಂಬುದನ್ನಷ್ಟೇ ನಾನು ಕೇಳುತ್ತಿದ್ದೇನೆ.

ವೀಸಾಗಳ ಬಾಗಿಲು ತೆರೆದಿದೆ ಎಂದರು. ಹೊಸ್ತಿಲಿನ ಎತ್ತರ ಹೇಳಲಿಲ್ಲ. ಥಾಯ್ಲೆಂಡಿಗೆ ಐದು ಲಕ್ಷ ಬಾತ್ ಬ್ಯಾಂಕಿನಲ್ಲಿ ತೋರಿಸಬೇಕು, ರೂಪಾಯಿಯಲ್ಲಿ ಹನ್ನೆರಡು ಲಕ್ಷಕ್ಕೂ ಮೀರಿದ ಮೊತ್ತ. ನಾಲ್ಕು ಲಕ್ಷದ ನಮ್ಮ ಒಬ್ಬಂಟಿಗರು ಅಲ್ಲಿಗೇ ಹೊರಗುಳಿದರು. ಇಂಡೊನೇಷ್ಯಾದ ರಿಮೋಟ್ ಕೆಲಸದ ವೀಸಾಕ್ಕೆ ವರ್ಷಕ್ಕೆ 60,000 ಡಾಲರ್ ಆದಾಯ ಬೇಕು. ಪೋರ್ಚುಗಲ್ ತನ್ನ ಕನಿಷ್ಠ ವೇತನದ ನಾಲ್ಕು ಪಟ್ಟು ಕೇಳುತ್ತದೆ, 2025ರ ಲೆಕ್ಕದಲ್ಲಿ ತಿಂಗಳಿಗೆ 3,480 ಯೂರೊ. ಈ ಅಂಕಿಗಳನ್ನು ಕೂತು ಓದಿದರೆ ಆ ದೇಶಗಳಿಗೆ ಯಾರು ಬೇಕಾಗಿದ್ದಾರೆ ಎಂಬುದು ತಿಳಿಯುತ್ತದೆ: ಅಮೆರಿಕ, ಯುರೋಪಿನ ಸಂಬಳ ಎಣಿಸುತ್ತ ಬಾಲಿಯಲ್ಲಿ ಖರ್ಚು ಮಾಡುವವರು. ವ್ಯಾಪಾರವನ್ನು ಈಗಷ್ಟೇ ಶುರು ಮಾಡುತ್ತಿರುವ ದಾವಣಗೆರೆಯವರು ಆ ಪಟ್ಟಿಯಲ್ಲಿಲ್ಲ. ಥಾಯ್ಲೆಂಡಿನಲ್ಲಿ ಒಂದು ವರ್ಷದಲ್ಲಿ 180 ದಿನ ಇದ್ದುಬಿಟ್ಟರೆ ಅಲ್ಲಿನ ತೆರಿಗೆಯ ಲೆಕ್ಕಕ್ಕೂ ಸೇರುತ್ತೀರಿ, 2024ರಿಂದ ಅಲ್ಲಿಗೆ ತರಿಸಿಕೊಂಡ ವಿದೇಶಿ ಗಳಿಕೆಯನ್ನೂ ಅವರು ಕೇಳುತ್ತಾರೆ.

ಪೂರ್ವಕ್ಕೆ ಹೋದಷ್ಟೂ ರಾತ್ರಿ ಉದ್ದವಾಗುತ್ತದೆ ಎಂಬುದೂ ಈ ಬದುಕನ್ನು ಹೊಗಳುವ ವಿಡಿಯೊಗಳಲ್ಲಿ ಬರುವುದಿಲ್ಲ. ನ್ಯೂಯಾರ್ಕಿನ ಗಿರಾಕಿ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇಟ್ಟರೆ ನಮಗೆ ಸಂಜೆ ಏಳೂವರೆ, ಚಿಯಾಂಗ್ ಮಾಯ್‌ನಲ್ಲಿ ಒಂಬತ್ತು, ಬಾಲಿಯಲ್ಲಿ ಹತ್ತು. ಒಂದು ಗಂಟೆ ಮಾತು, ಆಮೇಲೆ ಅವರು ಹೇಳಿದ ತಿದ್ದುಪಡಿ. ಸೂರ್ಯೋದಯ ನೋಡಲು ಬಂದವರು ಅದು ಮುಗಿದು ನಾಲ್ಕು ಗಂಟೆಯ ಮೇಲೆ ಏಳುತ್ತಾರೆ. ಗೋಕರ್ಣದಲ್ಲೇ ಇದ್ದರೂ ಮಳೆಗಾಲದ ಒಂದು ಸಂಜೆ ಕರೆಂಟು ಹೋದಾಗ ನೋಡಬೇಕು. ಹಾಸ್ಟೆಲಿನ ಇನ್‌ವರ್ಟರ್ ದೀಪ, ಫ್ಯಾನುಗಳಿಗಷ್ಟೆ, ರೌಟರ್‌ಗೆ ಅದರ ಲೈನ್ ಎಳೆದಿರುವುದಿಲ್ಲ. ನೀರಿನ ಟ್ಯಾಂಕಿನ ಪಕ್ಕ ಕೊಡೆ ಹಿಡಿದು ಹಾಟ್‌ಸ್ಪಾಟ್ ಹಾಕಿಕೊಂಡು, ಕ್ಯಾಮೆರಾ ಆಫ್ ಮಾಡಿ ‘ಆಡಿಯೊ ಕೇಳ್ತಿದೆಯಾ?’ ಎಂದು ಕೇಳುವುದೇ ಆ ದಿನದ ವ್ಯಾಪಾರ. ಹೊಸ ಗಿರಾಕಿಯ ಜೊತೆ ಇಂಥ ಎರಡು ಸಂಜೆ ಕಳೆದರೆ ಮೂರನೆಯದಕ್ಕೆ ಆತ ಇರುವುದಿಲ್ಲ.

ಕಾಗದಪತ್ರದ ಬಗ್ಗೆ ಮೇಲಿನ ಲೇಖನ ತೀರಾ ಉದಾರಿ. ಜಿಎಸ್‌ಟಿ ನೋಂದಣಿಗೆ ‘ವ್ಯವಹಾರದ ಸ್ಥಳ’ ತೋರಿಸಬೇಕು. ಬಾಡಿಗೆ ಕರಾರು, ಕರೆಂಟ್ ಬಿಲ್, ಬೇಕೆನಿಸಿದರೆ ಅಧಿಕಾರಿ ಬಂದು ನೋಡಿಯೂ ಹೋಗಬಹುದು. ಬ್ಯಾಕ್‌ಪ್ಯಾಕು ಹೊತ್ತು ತಿರುಗುವವರು ಯಾವ ಬಾಗಿಲಿಗೆ ಬೋರ್ಡ್ ಹಾಕಬೇಕು? ಕೊನೆಗೆ ಎಲ್ಲರೂ ಊರಿನ ಅಪ್ಪನ ಮನೆಯ ವಿಳಾಸ ಕೊಡುತ್ತಾರೆ, ನೋಟಿಸು ಬಂದಾಗ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುವುದು ಅಪ್ಪನ ಕೆಲಸ. ಸೇವೆಯ ಬದಲು ಸಾಮಾನು ಮಾರುವುದಾದರೆ ಇನ್ನೂ ಕಷ್ಟ. ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಹೊರರಾಜ್ಯಕ್ಕೆ ಸರಕು ಕಳಿಸುವವರಿಗೆ ಅಂಥ ವಹಿವಾಟಿನ ಮಿತಿಯ ವಿನಾಯಿತಿಯೇ ಇಲ್ಲ, ಮೊದಲ ಮಾರಾಟಕ್ಕೇ ನೋಂದಣಿ ಬೇಕು. ಕ್ಯಾಶ್ ಆನ್ ಡೆಲಿವರಿಯಲ್ಲಿ ‘ಈಗ ಬೇಡ’ ಎಂದು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ ಪಾರ್ಸೆಲ್ಲುಗಳು ಬಂದು ಬೀಳುವುದೂ ಅದೇ ಅಪ್ಪನ ಜಗಲಿಗೆ. ವಿದೇಶಕ್ಕೆ ಹೋದರೂ ಬ್ಯಾಂಕಿನ ಒಟಿಪಿಗಾಗಿ ಇಲ್ಲಿನ ಸಿಮ್ಮನ್ನು ರೀಚಾರ್ಜ್ ಮಾಡಿಸಿ ಉಸಿರಾಡಿಸುತ್ತಲೇ ಇರಬೇಕು.

ಬೆಂಗಳೂರು ಬಿಟ್ಟರೆ ಉಳಿಯುತ್ತದೆ ಎಂಬ ಲೆಕ್ಕ ನಾನೂ ಒಪ್ಪುತ್ತೇನೆ. ಆದರೆ ಆ ಲೆಕ್ಕ ಬಿಡಲು ಹೇಳುವುದು ಬೆಂಗಳೂರನ್ನು, ಒಂದೆಡೆ ನೆಲೆ ನಿಲ್ಲುವುದನ್ನಲ್ಲ. ಮೂವತ್ತು ಸಾವಿರದಲ್ಲಿ ತಿಂಗಳು ಸಾಗುವುದು ಬೀರ್‌ನಲ್ಲಿ ಮಾತ್ರವೇ? ಮೈಸೂರು, ಹಾಸನ, ಧಾರವಾಡಗಳಲ್ಲೂ ಸಾಗುತ್ತದೆ. ಎರಡು ತಿಂಗಳಿಗೊಮ್ಮೆ ಊರು ಬದಲಿಸುವವರು ಪ್ರತಿ ಸಲವೂ ಕೋಣೆ ಹುಡುಕುವ ವಾರ, ಬಸ್ಸು ರೈಲಿನ ಖರ್ಚು, ಹೊಸ ಊರಿನಲ್ಲಿ ದುಬಾರಿಗೆ ತಿನ್ನುವ ಮೊದಲ ಹದಿನೈದು ದಿನ ಇವನ್ನೆಲ್ಲ ತೆರುತ್ತಾರೆ. ಆ ಏಳು ತಿಂಗಳ ಲಾಭದಲ್ಲಿ ಇವನ್ನು ಕಳೆದು ನೋಡಿದ್ದಾರೆಯೇ?

ಸಂಗೀತದ ಆ ಟೀಚರ್ ನನ್ನನ್ನು ಕೇಳಿದರೆ ಧಾರವಾಡದಲ್ಲೋ ಮೈಸೂರಿನಲ್ಲೋ ಒಂದು ವರ್ಷದ ಕರಾರಿನ ಮನೆ ಹಿಡಿಯಿರಿ ಎನ್ನುತ್ತೇನೆ. ಫೈಬರ್ ಒಂದು, ಕೈಕೊಟ್ಟರೆ ಇರಲಿ ಎಂದು ಬೇರೆ ಕಂಪನಿಯ ಸಿಮ್ ಒಂದು, ರೌಟರಿಗೊಂದು ಪುಟ್ಟ ಯುಪಿಎಸ್. ಡಿಸೆಂಬರಿನ ಕೊನೆಯಲ್ಲಿ ಅಮೆರಿಕದ ಶಾಲೆಗಳಿಗೆ ರಜೆ, ಮಕ್ಕಳೂ ಪಾಠ ತಪ್ಪಿಸುತ್ತಾರೆ. ಜೂನ್, ಜುಲೈಯಲ್ಲಿ ಅರ್ಧ ಮಂದಿ ಅಜ್ಜಿ ಮನೆಗೆಂದು ಇಲ್ಲಿಗೇ ಬಂದಿರುತ್ತಾರೆ. ಬೀರ್‌ಗೆ ಆಗ ಹೊರಡಲಿ, ಮೂರು ವಾರ ಇದ್ದು ಬರಲಿ, ಲ್ಯಾಪ್‌ಟಾಪ್ ಮನೆಯಲ್ಲೇ ಇಟ್ಟು.